ಕಂಕುಳಿನ ಗ್ರಂಥಿ, ದುಡಿಯುವ ತೋಳು

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಮೊಲೆ ತೆಗೆಯುತ್ತಾರೋ ಉಳಿಸುತ್ತಾರೋ ಎಂಬುದು. ಎರಡನೆಯದು ಖರ್ಚಿನದು. ಕಂಕುಳಿನ ಮಾತನ್ನು ಯಾರೂ ಎತ್ತುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಅದಕ್ಕೂ ಒಂದು ಸಾಲು ಇರುತ್ತದೆ, ಮನೆಯವರು ಸಹಿ ಹಾಕಿ ಮುಂದೆ ಹೋಗುತ್ತಾರೆ. ಆದರೆ ಗಾಯ ಮಾಗಿ, ಉದುರಿದ ಕೂದಲು ಮತ್ತೆ ಬೆಳೆದು, ನಾಲ್ಕೈದು ವರ್ಷ ಕಳೆದ ಮೇಲೂ ಆ ಹೆಂಗಸನ್ನು ಬಿಡದೆ ಕಾಡುವುದು ಬಹಳ ಸಲ ಎದೆಯಲ್ಲ, ತೋಳು. ಬಾತುಕೊಂಡ ಮುಂಗೈ, ಬಳೆ ಏರದ ಮಣಿಕಟ್ಟು, ಮರಗಟ್ಟಿದ ಒಳತೋಳು, ಮೇಲಿನ ಗೂಡಿನ ಡಬ್ಬಿಗೆ ಎಟುಕದ ಕೈ.

ಮಹಾರಾಷ್ಟ್ರದ ಗಡಿಗೆ ಅಂಟಿದ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ತೋಳು ಎಂದರೆ ಕೂಲಿ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುವುದು, ರವದಿ ಆಯುವುದು, ನಿಪ್ಪಾಣಿಯ ತಂಬಾಕು ವಖಾರಗಳಲ್ಲಿ ಎಲೆ ಹಸನು ಮಾಡುವುದು, ಮನೆಯ ಕಟ್ಟೆಯ ಮೇಲೆ ಕೂತು ಬೀಡಿ ಸುತ್ತುವುದು, ಅಥಣಿಯ ಕೊಲ್ಹಾಪುರಿ ಚಪ್ಪಲಿಗೆ ಹೆಣಿಕೆ ಹಾಕುವುದು, ಎಮ್ಮೆ ಹಿಂಡುವುದು, ಇವೆಲ್ಲ ಎರಡೂ ಕೈಯ ಕೆಲಸ, ಬಹುಪಾಲು ಹೆಂಗಸರ ಕೆಲಸ. ಆದ್ದರಿಂದ ಆಪರೇಷನ್ ಟೇಬಲ್ ಮೇಲೆ ಕಂಕುಳಿನಿಂದ ಎಷ್ಟು ಗ್ರಂಥಿ ತೆಗೆದರು ಎಂಬುದು ಇಲ್ಲಿ ವೈದ್ಯರ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಕಳೆದ 130 ವರ್ಷಗಳಲ್ಲಿ ಜಗತ್ತಿನ ಶಸ್ತ್ರವೈದ್ಯರು ಈ ಪ್ರಶ್ನೆಗೆ ಕೊಟ್ಟ ಉತ್ತರ ಬದಲಾಗುತ್ತ ಬಂದಿದೆ. ಒಟ್ಟಿನ ದಿಕ್ಕು ಒಂದೇ: ಕಡಿಮೆ ತೆಗೆಯಿರಿ. ಆ ಉತ್ತರ ಕೃಷ್ಣೆಯ ಈ ದಂಡೆಗೆ ಹೇಗೆ ಬರಬೇಕು ಎಂಬುದೇ ನಾನು ಇಲ್ಲಿ ನೋಡಹೊರಟ ವಿಷಯ.

ಸ್ತನದಿಂದ ಹೊರಬರುವ ದುಗ್ಧರಸದ ಮುಕ್ಕಾಲು ಪಾಲಿಗೂ ಹೆಚ್ಚು ಹರಿಯುವುದು ಕಂಕುಳಿನ ಕಡೆಗೆ. ಅಲ್ಲಿನ ಕೊಬ್ಬಿನೊಳಗೆ ಅವರೆಕಾಳಿನಷ್ಟು, ಹುರುಳಿಕಾಳಿನಷ್ಟು ಗಾತ್ರದ ಇಪ್ಪತ್ತು ಮೂವತ್ತು ಗ್ರಂಥಿಗಳಿವೆ. ಎದೆಯ ಚಿಕ್ಕ ಸ್ನಾಯುವನ್ನು ಗುರುತಾಗಿಟ್ಟುಕೊಂಡು ವೈದ್ಯರು ಅವನ್ನು ಮೂರು ಮಟ್ಟಗಳಾಗಿ ವಿಂಗಡಿಸುತ್ತಾರೆ. ಗಡ್ಡೆಯಿಂದ ಕಳಚಿಕೊಂಡ ಕ್ಯಾನ್ಸರ್ ಕಣಗಳು ಹೆಚ್ಚಾಗಿ ಮೊದಲು ತಂಗುವುದು ಕೆಳಗಿನ ಮಟ್ಟದಲ್ಲಿ. ಒಂದರಿಂದ ಮೂರು ಗ್ರಂಥಿಗಳಲ್ಲಿ ರೋಗ ಸಿಕ್ಕರೆ ಒಂದು ಹಂತ, ನಾಲ್ಕರಿಂದ ಒಂಬತ್ತಾದರೆ ಇನ್ನೊಂದು, ಹತ್ತು ಅಥವಾ ಹೆಚ್ಚಾದರೆ ಮತ್ತೊಂದು. ಕೀಮೋ ಬೇಕೆ, ರೇಡಿಯೇಷನ್ ಎಲ್ಲಿಯವರೆಗೆ ಕೊಡಬೇಕು, ಯಾವ ಮಾತ್ರೆ ಎಷ್ಟು ವರ್ಷ ಎಂಬ ತೀರ್ಮಾನಗಳಲ್ಲಿ ಈ ಎಣಿಕೆಗೆ ದೊಡ್ಡ ಪಾಲಿದೆ. ಹಾಗಾಗಿ ಕಂಕುಳಿಗೆ ಕೈ ಹಾಕುವುದರ ಹಿಂದೆ ಬೇರೆ ಬೇರೆ ಎರಡು ಉದ್ದೇಶಗಳಿವೆ: ರೋಗವನ್ನು ತೆಗೆಯುವುದು, ರೋಗದ ಸುದ್ದಿಯನ್ನು ತಿಳಿಯುವುದು. ಒಂದು ಶತಮಾನ ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ಅಷ್ಟು ತೋಳುಗಳು ಹಾಳಾದವು.

ಬಾಲ್ಟಿಮೋರ್‌ನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ 50 ಆಪರೇಷನ್‌ಗಳ ವರದಿ ಪ್ರಕಟಿಸಿದ. ಸ್ತನ, ಅದರಡಿಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಂದೇ ತುಂಡಾಗಿ ಕತ್ತರಿಸಿ ತೆಗೆಯುವ ವಿಧಾನ ಅದು. ಕ್ಯಾನ್ಸರ್ ಗಡ್ಡೆಯಿಂದ ಗ್ರಂಥಿಗೆ, ಗ್ರಂಥಿಯಿಂದ ಮುಂದಕ್ಕೆ ಹೆಜ್ಜೆಹೆಜ್ಜೆಯಾಗಿ ಸಾಗುತ್ತದೆ, ದಾರಿಯಲ್ಲೇ ಅಡ್ಡಹಾಕಿದರೆ ನಿಲ್ಲುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಕಾಕತಾಳೀಯವೆಂದರೆ, ಅದೇ 1894ರಲ್ಲಿ ಕಾಗವಾಡದ ಪಕ್ಕದ ಮಿರಜ್‌ನಲ್ಲಿ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ ಆಸ್ಪತ್ರೆ ತೆರೆದ. ನಮ್ಮ ಗಡಿಯ ಜನ 'ಮಿರಜಿನ ದವಾಖಾನೆ' ಎನ್ನತೊಡಗಿದ್ದು ಅಲ್ಲಿಂದ. ಬೆಳಗಾವಿಯಿಂದ ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳ ಹಾಯ್ದು ಮಿರಜ್ ಸೇರುವ ರೈಲಿನಲ್ಲಿ ಇಂದಿಗೂ ಎಕ್ಸ್‌ರೇ ಕವರು ಹಿಡಿದವರು ಕಾಣಸಿಗುತ್ತಾರೆ.

ಹಾಲ್‌ಸ್ಟೆಡ್‌ನ ನಂಬಿಕೆಯನ್ನು ಕೆಡವಿದವರು ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್. 1971ರಲ್ಲಿ ಅವರು ಆರಂಭಿಸಿದ ಪ್ರಯೋಗ ಬಿ-04. ಕಂಕುಳಿನಲ್ಲಿ ಕೈಗೆ ಗಂಟು ಸಿಗದ 1,079 ಮಹಿಳೆಯರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಹಾಲ್‌ಸ್ಟೆಡ್ ಮಾದರಿಯ ಪೂರ್ಣ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸ್ತನ ಮಾತ್ರ ತೆಗೆದು ರೇಡಿಯೇಷನ್, ಮೂರನೆಯದಕ್ಕೆ ಸ್ತನ ಮಾತ್ರ ತೆಗೆದು ಕಂಕುಳನ್ನು ಮುಟ್ಟದೆ ಕಾಯುವುದು. ಪೂರ್ಣ ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು ಶೇಕಡಾ 40ರಷ್ಟು ಮಂದಿಯ ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತು. ಅಂದಮೇಲೆ ಮುಟ್ಟದೆ ಬಿಟ್ಟವರಲ್ಲೂ ಅಷ್ಟೇ ಮಂದಿಯ ಕಂಕುಳಿನಲ್ಲಿ ರೋಗ ಉಳಿದಿರಲೇಬೇಕು. ಆದರೆ ಅವರ ಪೈಕಿ ಮುಂದೆ ಕಂಕುಳಿನ ಆಪರೇಷನ್ ಬೇಕಾಗಿ ಬಂದದ್ದು ಶೇಕಡಾ 18ರ ಆಸುಪಾಸಿನವರಿಗೆ ಮಾತ್ರ. 25 ವರ್ಷ ಕಳೆದು 2002ರಲ್ಲಿ ಲೆಕ್ಕ ಹಾಕಿದಾಗ ಮೂರು ಗುಂಪುಗಳ ಆಯುಷ್ಯದಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಜೀವ ತೆಗೆಯುವುದು ದೂರದ ಅಂಗಗಳಿಗೆ ಆಗಲೇ ಹೋಗಿರುವ ರೋಗ, ಕಂಕುಳಿನ ಗ್ರಂಥಿ ಅದರ ಸುದ್ದಿ ಹೇಳುತ್ತದೆ ಎಂಬ ತಿಳಿವಳಿಕೆ ಇಲ್ಲಿಂದ ಗಟ್ಟಿಯಾಯಿತು. ಈ ವಿಷಯದ ಮುಖ್ಯ ತಿರುವು ನನ್ನ ಪ್ರಕಾರ ಇದೇ. ಆಮೇಲಿನ ಪ್ರಯೋಗಗಳೆಲ್ಲ ಇದರ ಮರಿಗಳು.

ಸುದ್ದಿ ತಿಳಿಯುವುದಷ್ಟೇ ಉದ್ದೇಶವಾದರೆ ಮೂವತ್ತು ಗ್ರಂಥಿ ಯಾಕೆ? ಕಾಲುವೆಯ ನೀರು ಮೊದಲ ತೂಬನ್ನು ದಾಟದೆ ಎರಡನೆಯದಕ್ಕೆ ಹೋಗದು. ಹಾಗೆಯೇ ಗಡ್ಡೆಯ ದುಗ್ಧರಸ ಮೊದಲು ಸೇರುವ ಒಂದೆರಡು ಗ್ರಂಥಿಗಳನ್ನು ಹುಡುಕಿ ಪರೀಕ್ಷಿಸಿದರೆ ಉಳಿದವುಗಳ ಕಥೆ ಹೆಚ್ಚಾಗಿ ತಿಳಿಯುತ್ತದೆ. ಇವೇ ಕಾವಲು ಗ್ರಂಥಿಗಳು, ವೈದ್ಯರ ಬಾಯಲ್ಲಿ ಸೆಂಟಿನೆಲ್ ನೋಡ್. ಪರಾಗ್ವೆಯ ರಾಮೋನ್ ಕಬಾನಾಸ್ 1977ರಲ್ಲಿ ಶಿಶ್ನದ ಕ್ಯಾನ್ಸರಿನಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. ಡೊನಾಲ್ಡ್ ಮಾರ್ಟನ್ 1992ರಲ್ಲಿ ಚರ್ಮದ ಮೆಲನೋಮಾಕ್ಕೆ ನೀಲಿ ಬಣ್ಣ ಬಳಸಿದರು. ಸ್ತನಕ್ಕೆ ಬಂದಾಗ 1993ರಲ್ಲಿ ಡೇವಿಡ್ ಕ್ರಾಗ್ ವಿಕಿರಣ ಸೂಸುವ ದ್ರವವನ್ನೂ ಗಾಮಾ ಪ್ರೋಬ್ ಎಂಬ ಯಂತ್ರವನ್ನೂ, 1994ರಲ್ಲಿ ಅರ್ಮಾಂಡೊ ಜೂಲಿಯಾನೊ ನೀಲಿ ಬಣ್ಣವನ್ನೂ ಬಳಸಿ ವರದಿ ಕೊಟ್ಟರು. ಮಿಲಾನ್‌ನಲ್ಲಿ ಉಂಬೆರ್ಟೊ ವೆರೊನೆಸಿ 516 ಮಹಿಳೆಯರ ಮೇಲೆ, ಅಮೆರಿಕದ ಬಿ-32 ಪ್ರಯೋಗ 5,611 ಮಹಿಳೆಯರ ಮೇಲೆ ಒರೆಹಚ್ಚಿ ನೋಡಿದವು. ಕಾವಲು ಗ್ರಂಥಿ ಸ್ವಚ್ಛವಿದ್ದರೆ ಉಳಿದವನ್ನು ಬಿಡುವುದರಿಂದ ಆಯುಷ್ಯ ಕುಗ್ಗುವುದಿಲ್ಲ ಎಂದು ಸ್ಥಿರವಾಯಿತು.

ಈಗ ಆಪರೇಷನ್ ಥಿಯೇಟರಿನ ಒಳಗೆ ನಡೆಯುವುದನ್ನು ಸ್ವಲ್ಪ ನಿಂತು ನೋಡಬೇಕು. ಹೆಂಗಸಿಗೆ ಅರಿವಳಿಕೆ ಕೊಟ್ಟಾಗಿದೆ. ಮೊಲೆತೊಟ್ಟಿನ ಸುತ್ತ ನೀಲಿ ಬಣ್ಣ ಚುಚ್ಚಿ ಕೆಲವು ನಿಮಿಷ ತಿಕ್ಕುತ್ತಾರೆ. ಕಂಕುಳಿನಲ್ಲಿ ಸಣ್ಣ ಸೀಳು ಮಾಡಿ, ನೀಲಿಯಾದ ಎಳೆಯ ಬೆನ್ನು ಹಿಡಿದು ನೀಲಿಯಾದ ಗ್ರಂಥಿಯನ್ನು ತಲುಪುತ್ತಾರೆ. ವಿಕಿರಣ ದ್ರವವನ್ನೂ ಕೊಟ್ಟಿದ್ದರೆ ಪ್ರೋಬ್ ಸದ್ದು ಮಾಡಿ ಜಾಗ ತೋರಿಸುತ್ತದೆ. ತೆಗೆದ ಗ್ರಂಥಿ ಡಬ್ಬಿಯಲ್ಲಿ ಪೆಥಾಲಜಿ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಕ್ರಯೋಸ್ಟಾಟ್ ಎಂಬ ಪೆಟ್ಟಿಗೆಯೊಳಗೆ ಸೊನ್ನೆಗಿಂತ ಸುಮಾರು ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಅದನ್ನು ಗಟ್ಟಿ ಮಾಡಿ, ಕೆಲವೇ ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಡುತ್ತಾರೆ. ಇದು ಫ್ರೋಜನ್ ಸೆಕ್ಷನ್. ಅರ್ಧ ಗಂಟೆಯ ಆಸುಪಾಸಿನಲ್ಲಿ ಥಿಯೇಟರಿಗೆ ಫೋನು ಬರುತ್ತದೆ. ರೋಗ ಇದ್ದರೆ ಅಲ್ಲೇ ಮುಂದುವರಿದು ಉಳಿದ ಗ್ರಂಥಿಗಳನ್ನು ತೆಗೆಯುವುದು, ಇಲ್ಲದಿದ್ದರೆ ಹೊಲಿಗೆ ಹಾಕುವುದು. ಕ್ರಯೋಸ್ಟಾಟ್ ಇಲ್ಲದ ಕಡೆ ಕತ್ತರಿಸಿದ ಗ್ರಂಥಿಯನ್ನು ಗಾಜಿನ ಪಟ್ಟಿಗೆ ಒತ್ತಿ ಅಂಟಿದ ಕಣಗಳನ್ನು ನೋಡುವ ಅಗ್ಗದ ವಿಧಾನವೂ ಇದೆ. ಎರಡರಲ್ಲೂ ಕಣ್ಣಿಗೆ ತಪ್ಪುವುದು ಬಹುಮಟ್ಟಿಗೆ ಸಣ್ಣ ಗುಂಪುಗಳು. 0.2 ಮಿಲಿಮೀಟರಿನಿಂದ 2 ಮಿಲಿಮೀಟರಿನವರೆಗಿನ ಕಣಗುಂಪನ್ನು ಸೂಕ್ಷ್ಮ ಹರಡುವಿಕೆ ಎನ್ನುತ್ತಾರೆ. ಅದು ಹಲವು ಸಲ ಗೊತ್ತಾಗುವುದು ವಾರದ ನಂತರದ ಅಂತಿಮ ವರದಿಯಲ್ಲೇ.

ಫೋನಿಗಾಗಿ ಕಾಯುವ ಈ ಅರ್ಧ ಗಂಟೆಯ ಮಹತ್ವವನ್ನು ಝಡ್-0011 ಎಂಬ ಅಮೆರಿಕದ ಪ್ರಯೋಗ ಕಡಿಮೆ ಮಾಡಿತು. ಇದನ್ನು ನಡೆಸಿದವರೂ ಅದೇ ಜೂಲಿಯಾನೊ. ಐದು ಸೆಂಟಿಮೀಟರ್ ಮೀರದ ಗಡ್ಡೆ, ಒಂದು ಅಥವಾ ಎರಡು ಕಾವಲು ಗ್ರಂಥಿಗಳಲ್ಲಿ ರೋಗ, ಸ್ತನ ಉಳಿಸುವ ಆಪರೇಷನ್, ನಂತರ ರೇಡಿಯೇಷನ್: ಇಂಥ 891 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಉಳಿದ ಗ್ರಂಥಿ ತೆಗೆದರು, ಅರ್ಧದಷ್ಟು ಮಂದಿಗೆ ತೆಗೆಯಲಿಲ್ಲ. ಹತ್ತು ವರ್ಷದ ಕೊನೆಗೆ ತೆಗೆಯದವರಲ್ಲಿ ಶೇಕಡಾ 86.3, ತೆಗೆದವರಲ್ಲಿ ಶೇಕಡಾ 83.6 ಮಂದಿ ಬದುಕಿದ್ದರು. ಅಂದರೆ ಗ್ರಂಥಿಯಲ್ಲಿ ರೋಗ ಸಿಕ್ಕಿದರೂ ಎಲ್ಲವನ್ನೂ ಬಗೆದು ತೆಗೆಯಬೇಕಿಲ್ಲ. ಈ ಪ್ರಯೋಗಕ್ಕೆ ಟೀಕೆಗಳು ಬಂದವು, ಬರಬೇಕಾದದ್ದೇ. ಸುಮಾರು 1,900 ಮಹಿಳೆಯರು ಬೇಕೆಂದು ಹೊರಟದ್ದು ಅರ್ಧದಲ್ಲೇ ನಿಂತಿತ್ತು. ಸ್ತನವನ್ನು ಪೂರ್ತಿ ತೆಗೆಸಿಕೊಂಡವರು ಇದರಲ್ಲಿ ಇರಲಿಲ್ಲ, ನಮ್ಮ ಕಡೆಯಾದರೋ ಸ್ತನ ತೆಗೆಸಿಕೊಳ್ಳುವವರೇ ಬಹಳ. ಆ ಕೊರತೆಯನ್ನು 2024ರಲ್ಲಿ ಪ್ರಕಟವಾದ ಸೆನೊಮ್ಯಾಕ್ ತುಂಬಿತು. ಸ್ವೀಡನ್ನಿನ ನೇತೃತ್ವದ ಆ ಪ್ರಯೋಗದ ಎರಡೂವರೆ ಸಾವಿರ ಮಹಿಳೆಯರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಸ್ತನ ತೆಗೆಸಿಕೊಂಡವರು. ಫಲಿತಾಂಶ ಅದೇ: ಗ್ರಂಥಿ ಬಿಟ್ಟದ್ದರಿಂದ ಐದು ವರ್ಷದಲ್ಲಿ ರೋಗ ಮರುಕಳಿಸುವುದು ಹೆಚ್ಚಲಿಲ್ಲ.

ಆದರೆ ಸೆನೊಮ್ಯಾಕ್‌ನ ಹತ್ತರಲ್ಲಿ ಸುಮಾರು ಒಂಬತ್ತು ಮಹಿಳೆಯರಿಗೆ ಗ್ರಂಥಿಗಳ ಭಾಗಕ್ಕೂ ರೇಡಿಯೇಷನ್ ಕೊಟ್ಟಿದ್ದರು. ಯುರೋಪಿನ ಅಮರೋಸ್ ಪ್ರಯೋಗ 2014ರಲ್ಲೇ ಇದನ್ನು ನೇರವಾಗಿ ಕೇಳಿತ್ತು: ಕಂಕುಳನ್ನು ಕತ್ತರಿಸುವ ಬದಲು ರೇಡಿಯೇಷನ್ ಕೊಟ್ಟರೆ? ರೋಗದ ಹತೋಟಿ ಎರಡರಲ್ಲೂ ಚೆನ್ನಾಗಿತ್ತು. ತೋಳು ಬಾತದ್ದು ಕತ್ತರಿಸಿದವರಲ್ಲಿ ಶೇಕಡಾ 23, ರೇಡಿಯೇಷನ್ ಪಡೆದವರಲ್ಲಿ 11. ಇಲ್ಲಿ ಅಡಗಿರುವ ಕರಾರನ್ನು ಗಮನಿಸಬೇಕು. ಕತ್ತಿ ಬಿಟ್ಟ ಕೆಲಸವನ್ನು ಯಂತ್ರ ಮಾಡಿದೆ. ಮೂರು ವಾರ ಅಥವಾ ಐದು ವಾರ, ವಾರಕ್ಕೆ ಐದು ದಿನ ಆ ಯಂತ್ರದ ಮುಂದೆ ಮಲಗಲು ಬರುವ ಹೆಂಗಸಿಗೆ ಸಲ್ಲುವ ಲಾಭ ಇದು. ಅಥಣಿಯ ಹಳ್ಳಿಯಿಂದ ಮಿರಜ್‌ಗೆ, ರಾಯಬಾಗದಿಂದ ಬೆಳಗಾವಿಗೆ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ದಿನಾ ಓಡಾಡುವುದೆಂದರೆ ಅವಳ ಕೂಲಿಯೂ ಹೋಗುತ್ತದೆ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಆಪರೇಷನ್ ಆಗಿ 'ಎಲ್ಲಾ ತೆಗೆದಾರ' ಎಂದು ಸಮಾಧಾನಪಟ್ಟು ರೇಡಿಯೇಷನ್ ಅರ್ಧಕ್ಕೆ ಬಿಟ್ಟು ಕಬ್ಬಿನ ಹಂಗಾಮಿಗೆ ಮರಳಿದವಳಿಗೆ ಝಡ್-0011ರ ಅಂಕಿಗಳು ಅನ್ವಯವಾಗವು. ಕಡಿಮೆ ಕತ್ತರಿಸುವ ವಿಧಾನವನ್ನು ಇಲ್ಲಿಗೆ ತರುವವರು ಅದರ ಬೆನ್ನಿಗೇ ತಂಗುವ ಕೋಣೆ, ಬಸ್ಸಿನ ಚಾರ್ಜು, ಊಟ ಇವನ್ನೂ ತರಬೇಕು. ಇದು ಕರುಣೆಯ ಮಾತಲ್ಲ, ಚಿಕಿತ್ಸೆಯದೇ ಭಾಗ. ಒಂದು ನೆಮ್ಮದಿಯೆಂದರೆ ರೇಡಿಯೇಷನ್ನಿನ ಅವಧಿಯೇ ಕುಗ್ಗುತ್ತಿದೆ. ಐದು ವಾರದ ಜಾಗದಲ್ಲಿ 15 ಅಥವಾ 16 ಸರದಿಗಳು ಈಗ ಸಾಮಾನ್ಯ.

ಅದೇ ರೀತಿ ಫ್ರೋಜನ್ ಸೆಕ್ಷನ್ ವಿಷಯ. ಪಶ್ಚಿಮದಲ್ಲಿ ಅದರ ಬಳಕೆ ಇಳಿಯುತ್ತಿದೆ. ವರದಿಗೆ ವಾರ ಕಾಯಿರಿ, ಬೇಕಾದರೆ ಮತ್ತೆ ಆಪರೇಷನ್ ಮಾಡಿದರಾಯಿತು ಎನ್ನುತ್ತಾರೆ. ನಮ್ಮಲ್ಲಿ ಆ 'ಮತ್ತೆ'ಯ ಬೆಲೆ ಬೇರೆ. ಎರಡನೆಯ ಭರ್ತಿ, ವಿಮೆಯ ಎರಡನೆಯ ಮಂಜೂರಾತಿ, ಎರಡನೆಯ ಅರಿವಳಿಕೆ, ಮನೆಯವರಲ್ಲಿ 'ಮೊದಲ ಸಲ ಸರಿಯಾಗಿ ಮಾಡಲಿಲ್ಲ' ಎಂಬ ಸಂಶಯ. ಹಾಗಾಗಿ ಥಿಯೇಟರಿನಲ್ಲೇ ಉತ್ತರ ಕೊಡುವ ಪೆಥಾಲಜಿ ವೈದ್ಯರು ಇರುವ ಆಸ್ಪತ್ರೆಗೆ ಈ ಗಡಿಭಾಗದಲ್ಲಿ ಇನ್ನೂ ಬಹಳ ದಿನ ಬೆಲೆ ಇರುತ್ತದೆ, ಜಗತ್ತಿನ ಗಾಳಿ ಬೇರೆ ದಿಕ್ಕಿಗೆ ಬೀಸಿದರೂ.

ಇನ್ನು ಸಾಧನಗಳ ಪ್ರಶ್ನೆ. ಗಾಮಾ ಪ್ರೋಬ್ ವಿಧಾನಕ್ಕೆ ಟೆಕ್ನೀಶಿಯಂ ಬೇಕು. ಅದರ ಅರ್ಧಾಯುಷ್ಯ ಆರು ಗಂಟೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ, ತರಬೇತಾದ ಸಿಬ್ಬಂದಿ ಇದ್ದಲ್ಲಿ ಮಾತ್ರ ಅದು ನಡೆದೀತು, ತಾಲ್ಲೂಕು ಊರುಗಳಿಗೆ ಹೇಳಿಸಿದ್ದಲ್ಲ. ಮೆಥಿಲಿನ್ ಬ್ಲೂ ಮಾತ್ರ ಎಲ್ಲ ಔಷಧಿ ದಾಸ್ತಾನಿನಲ್ಲೂ ಸಿಗುವಷ್ಟು ಅಗ್ಗ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯ ವೈದ್ಯರು ಕಣ್ಣಿನ ಪರೀಕ್ಷೆಗೆ ಬಳಸುವ ಫ್ಲೋರೆಸಿನ್ ಬಣ್ಣವನ್ನು ನೀಲಿ ಎಲ್‌ಇಡಿ ಬೆಳಕಿನಲ್ಲಿ ಹೊಳೆಯಿಸಿ, ಮೆಥಿಲಿನ್ ಬ್ಲೂ ಜೊತೆ ಬಳಸಿ, ಕಾವಲು ಗ್ರಂಥಿ ಹುಡುಕುವ ದಾರಿ ಮಾಡಿದ್ದಾರೆ. ಇದಕ್ಕಿಂತಲೂ ಸರಳವಾದದ್ದು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯದು. ವಾಣಿ ಪರಮಾರ್, ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಬಣ್ಣ, ಯಂತ್ರ ಎರಡನ್ನೂ ನೆಚ್ಚದೆ, ಕಂಕುಳಿನಲ್ಲಿ ಅಡ್ಡ ಹಾಯುವ ಇಂಟರ್‌ಕಾಸ್ಟೋಬ್ರೇಕಿಯಲ್ ನರವನ್ನೇ ಗಡಿಗೆರೆ ಮಾಡಿಕೊಂಡು, ಅದರ ಕೆಳಗಿನ ಕೊಬ್ಬನ್ನು ಒಂದೇ ಮುದ್ದೆಯಾಗಿ ತೆಗೆದು ಪರೀಕ್ಷಿಸಿದರು. ಲೋ ಆಕ್ಸಿಲರಿ ಸ್ಯಾಂಪ್ಲಿಂಗ್ ಎಂಬ ಈ ವಿಧಾನವನ್ನು ಅವರು 478 ಮಹಿಳೆಯರಲ್ಲಿ ಕಾವಲು ಗ್ರಂಥಿ ವಿಧಾನದ ಜೊತೆ ಹೋಲಿಸಿ 2013ರಲ್ಲಿ ಪ್ರಕಟಿಸಿದರು. ರೋಗ ಇದ್ದೂ ಇಲ್ಲವೆಂದು ತಪ್ಪು ಹೇಳುವ ಪ್ರಮಾಣ ಕಾವಲು ಗ್ರಂಥಿಯಲ್ಲಿ ಶೇಕಡಾ 12.7, ಇದರಲ್ಲಿ 10.5. ನರ ಉಳಿಯುತ್ತದೆ, ಒಳತೋಳು ಮರಗಟ್ಟುವುದಿಲ್ಲ, ಆಮದು ಬಣ್ಣ ಬೇಕಿಲ್ಲ. ಅಮೆರಿಕದ ಮಾರ್ಗಸೂಚಿಗಳಲ್ಲಿ ಇದಕ್ಕೆ ದೊಡ್ಡ ಜಾಗವಿಲ್ಲ ಎಂಬ ಕಾರಣಕ್ಕೆ ನಮ್ಮ ಕಿರಿಯ ಶಸ್ತ್ರವೈದ್ಯರು ಇದನ್ನು ಎರಡನೇ ದರ್ಜೆಯದೆಂದು ನೋಡುವುದು ನನಗೆ ಸರಿಕಾಣದು. ಗಾಮಾ ಪ್ರೋಬ್ ಇಲ್ಲವೆಂದು ಮೂವತ್ತು ಗ್ರಂಥಿ ಕೀಳುವುದಕ್ಕಿಂತ ಇದು ಎಷ್ಟೋ ಮೇಲು.

ಇಷ್ಟು ಹೇಳಿದ್ದೆಲ್ಲ ಕಂಕುಳಿನಲ್ಲಿ ಕೈಗೆ ಗಂಟು ಸಿಗದವರ ವಿಷಯ. ನಮ್ಮ ದೊಡ್ಡ ಸಂಕಟ ಅಲ್ಲಿಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿಯ ಪ್ರಕಾರ ದೇಶದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದವರಲ್ಲಿ ಶೇಕಡಾ 57 ಮಂದಿ ರೋಗ ಸುತ್ತಲಿನ ಭಾಗಕ್ಕೆ ಹಬ್ಬಿದ ಮೇಲೆ ಆಸ್ಪತ್ರೆ ಸೇರಿದವರು. 'ನೂಸೂದಿಲ್ರಿ, ಅದಕ್ಕ ಬಿಟ್ಟಿದ್ನಿ' ಎಂಬ ಮಾತು ಇಲ್ಲಿನ ಯಾವ ವೈದ್ಯರಿಗೂ ಹೊಸದಲ್ಲ. ನೋವಿಲ್ಲದ ಗಂಟಿಗೆ ಮೊದಲು ಎಲೆ ಅರೆದು ಕಟ್ಟುವುದು, ಆಮೇಲೆ ಊರ ಡಾಕ್ಟರ ಇಂಜೆಕ್ಷನ್ನು, ಬಗಲಲ್ಲಿ ಇನ್ನೊಂದು ಗಂಟು ಎದ್ದಾಗ ಮಿರಜ್.

ಇಂಥವರಿಗೆ ಈಗ ಹೆಚ್ಚಾಗಿ ಕೀಮೋ ಮೊದಲು, ಕತ್ತಿ ನಂತರ. ಕೀಮೋ ಕೊಟ್ಟ ಮೇಲೆ ಬಹಳ ಮಂದಿಯ ಕಂಕುಳಿನ ರೋಗ ಕರಗುತ್ತದೆ. ಕರಗಿದ ಮೇಲೂ ಎಲ್ಲ ಗ್ರಂಥಿ ತೆಗೆಯಬೇಕೆ ಎಂಬುದು ಕಳೆದ ಹತ್ತು ಹನ್ನೆರಡು ವರ್ಷದ ಬಿಸಿ ಚರ್ಚೆ. ಝಡ್-1071 ಎಂಬ ಪ್ರಯೋಗ 2013ರಲ್ಲಿ ತೋರಿಸಿದ್ದು, ಕೀಮೋ ನಂತರ ಕಾವಲು ಗ್ರಂಥಿ ಶೇಕಡಾ 12.6ರಷ್ಟು ಸಲ ತಪ್ಪು ಸುದ್ದಿ ಕೊಡುತ್ತದೆ ಎಂದು. ಮೂರು ಅಥವಾ ಹೆಚ್ಚು ಗ್ರಂಥಿ ತೆಗೆದರೆ ಆ ತಪ್ಪು ಇಳಿಯುತ್ತದೆ. ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕೇಂದ್ರದ ವೈದ್ಯರು ಇನ್ನೊಂದು ಉಪಾಯ ಮಾಡಿದರು. ಕೀಮೋಗೆ ಮೊದಲೇ ರೋಗವಿದ್ದ ಗ್ರಂಥಿಯೊಳಗೆ ಚಿಕ್ಕ ಲೋಹದ ಕ್ಲಿಪ್ ಇಟ್ಟು, ಆಪರೇಷನ್ನಿನಲ್ಲಿ ಕಾವಲು ಗ್ರಂಥಿಗಳ ಜೊತೆ ಆ ಕ್ಲಿಪ್ ಇರುವ ಗ್ರಂಥಿಯನ್ನೂ ತೆಗೆದರೆ ತಪ್ಪು ಶೇಕಡಾ 2ಕ್ಕೆ ಇಳಿಯಿತು. ಇದರಲ್ಲಿ ದುಬಾರಿ ಎನ್ನುವುದು ಕ್ಲಿಪ್ ಅಲ್ಲ, ಮುಂದಾಲೋಚನೆ. ಕೀಮೋ ಒಂದು ಊರಲ್ಲಿ ಶುರುವಾಗಿ ಆಪರೇಷನ್ ಇನ್ನೊಂದು ಊರಲ್ಲಿ ನಡೆಯುವ ನಮ್ಮ ಕಡೆ, ಮೊದಲ ಸೂಜಿ ಚುಚ್ಚುವ ಮುನ್ನವೇ ಕಂಕುಳಿನ ಅಲ್ಟ್ರಾಸೌಂಡ್ ಮಾಡಿ, ಅನುಮಾನದ ಗ್ರಂಥಿಯಿಂದ ಸೂಜಿಪರೀಕ್ಷೆ ಮಾಡಿ, ಗುರುತು ಇಟ್ಟು, ಅದನ್ನೆಲ್ಲ ಫೈಲಿನಲ್ಲಿ ಬರೆದಿಡದಿದ್ದರೆ ಆರು ತಿಂಗಳ ಮೇಲಿನ ಶಸ್ತ್ರವೈದ್ಯನಿಗೆ ಎಲ್ಲವನ್ನೂ ತೆಗೆಯದೆ ಗತಿ ಇರುವುದಿಲ್ಲ.

ಫೈಲು ಎಂದಾಗ ಗಡಿಯ ರಾಜಕೀಯ ನುಸುಳುತ್ತದೆ. ಕಾಗವಾಡದಿಂದ ಮಿರಜ್ ಕೂಗಳತೆ, ಬೆಳಗಾವಿ ನೂರು ಕಿಲೋಮೀಟರಿಗಿಂತ ದೂರ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಮಿರಜ್‌ನ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ, ಕೊಲ್ಹಾಪುರದ ಕೇಂದ್ರಗಳು, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ, ಎಲ್ಲ ಕಡೆಗೂ ಈ ಐದು ತಾಲ್ಲೂಕಿನ ರೋಗಿಗಳು ಹಂಚಿಹೋಗುತ್ತಾರೆ. ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆಯ ಡಾ. ಸಂಪತ್‌ಕುಮಾರ ಶಿವಣಗಿ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದ ಮೇಲೆ ಒಂದು ದಾರಿ ಹತ್ತಿರವಾಗಿದೆ. ವಿಮೆಯ ಕಾರ್ಡು ಮಾತ್ರ ರಾಜ್ಯದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಹಿಡಿದು ಗಡಿಯಾಚೆ ಹೋದರೆ ಕಾಗದಪತ್ರದ ಅಲೆದಾಟ. 2023ರಲ್ಲಿ ಮಹಾರಾಷ್ಟ್ರ ತನ್ನ ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಯನ್ನು ತಾನು ಹಕ್ಕು ಸಾಧಿಸುವ 865 ಹಳ್ಳಿಗಳಿಗೆ ವಿಸ್ತರಿಸಹೊರಟಾಗ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ವಿರೋಧಿಸಿದರು. ರಾಜ್ಯದ ಸ್ವಾಭಿಮಾನದ ದೃಷ್ಟಿಯಿಂದ ವಿರೋಧ ಸಹಜವೇ. ಆದರೆ ಗಂಟು ಹೊತ್ತ ಹೆಂಗಸು ನಡೆಯುವುದು ರೈಲು ಹಳಿಯ ಗುಂಟ, ಭಾಷಾ ಗಡಿಯ ಗುಂಟವಲ್ಲ. ಎರಡು ಸರ್ಕಾರಗಳು ಕಾರ್ಡುಗಳನ್ನು ಪರಸ್ಪರ ಒಪ್ಪಿಕೊಳ್ಳುವ ಸರಳ ಒಪ್ಪಂದಕ್ಕೆ ಗಡಿ ವಿವಾದ ಇತ್ಯರ್ಥವಾಗುವವರೆಗೆ ಕಾಯಬೇಕಿಲ್ಲ.

ತೋಳಿಗೆ ಬರೋಣ. ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2013ರಲ್ಲಿ ಪ್ರಕಟವಾದ ಲೆಕ್ಕದಂತೆ, ಎಲ್ಲ ಗ್ರಂಥಿ ತೆಗೆದವರಲ್ಲಿ ಐವರಲ್ಲಿ ಒಬ್ಬರಿಗೆ ತೋಳು ಬಾತುಕೊಳ್ಳುತ್ತದೆ. ಕಾವಲು ಗ್ರಂಥಿ ಮಾತ್ರ ತೆಗೆದವರಲ್ಲಿ ನೂರಕ್ಕೆ ಐದಾರು ಮಂದಿಗೆ. ಬಾವು ತಿಂಗಳುಗಳ ನಂತರವೂ ಬರಬಹುದು, ವರ್ಷಗಳ ನಂತರವೂ ಬರಬಹುದು, ಒಮ್ಮೆ ಬಲಿತರೆ ಪೂರ್ತಿ ಇಳಿಯುವುದು ಕಷ್ಟ. ಚರ್ಮದ ಸೋಂಕು ಅದನ್ನು ಕೆರಳಿಸುತ್ತದೆ. ಕಬ್ಬಿನ ಎಲೆಯ ಅಂಚು ಗೀರಿದರೆ ಸಾಕು. ಆಸ್ಪತ್ರೆಯಿಂದ ಹೊರಡುವಾಗ ಹೇಳಿ ಕಳಿಸುವುದು ಬಹುತೇಕ ಒಂದೇ ಮಾತು: ಆ ಕೈಯಿಂದ ಭಾರ ಎತ್ತಬೇಡಿ. ಕೂಲಿಯವಳಿಗೆ ಇದು ಸಲಹೆಯಲ್ಲ, ಕೆಲಸದಿಂದ ವಜಾ. ಈ ಮಾತಿಗೆ ಗಟ್ಟಿ ಆಧಾರವೂ ಇಲ್ಲ. ಆಗಲೇ ತೋಳು ಬಾತಿದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆರಡು ಸಲ, ನಿಧಾನವಾಗಿ ಏರಿಸುತ್ತ, ಭಾರ ಎತ್ತುವ ವ್ಯಾಯಾಮ ಮಾಡಿಸಿದ ಅಮೆರಿಕದ ಪ್ರಯೋಗವೊಂದು 2009ರಲ್ಲಿ ಬಂತು. ಬಾವು ಹೆಚ್ಚಲಿಲ್ಲ, ಉಲ್ಬಣಿಸುವ ಸಂದರ್ಭಗಳು ಕಡಿಮೆಯಾದವು. ಮೆಲ್ಲಗೆ ಶಕ್ತಿ ತುಂಬಿಕೊಂಡ ತೋಳು ಕೆಲಸಕ್ಕೆ ಮರಳಬಹುದು. ಆಪರೇಷನ್ನಿನ ಮರುದಿನದಿಂದಲೇ ಭುಜ ಆಡಿಸುವುದನ್ನು ಕಲಿಸುವ ಫಿಸಿಯೋಥೆರಪಿ, ಉದ್ದ ತೋಳಿನ ಅಂಗಿ, ಗೀರಿದ ಕೂಡಲೇ ಸೋಪು ನೀರು, ಕೆಂಪಾದರೆ ಆ್ಯಂಟಿಬಯಾಟಿಕ್, ಅಳತೆಗೆ ತಕ್ಕ ಒತ್ತುಪಟ್ಟಿ. ವಿಮೆಯ ಪ್ಯಾಕೇಜುಗಳು ಕತ್ತಿಯ ಕೆಲಸಕ್ಕೆ ಧಾರಾಳವಾಗಿವೆ, ಇಂಥವಕ್ಕೆ ಅಲ್ಲ.

ಇತ್ತೀಚಿನ ಹೆಜ್ಜೆ ಇನ್ನೂ ಮುಂದಿನದು: ಕಂಕುಳನ್ನು ಮುಟ್ಟಲೇ ಬೇಡಿ. ಇಟಲಿಯ ಒರೆಸ್ಟೆ ಜೆಂಟಿಲಿನಿ ನೇತೃತ್ವದ ಸೌಂಡ್ ಪ್ರಯೋಗ 2023ರಲ್ಲಿ, ಜರ್ಮನಿಯ ಇನ್ಸೆಮಾ 2024ರ ಕೊನೆಗೆ ಬಂದವು. ಸಣ್ಣ ಗಡ್ಡೆ, ಅಲ್ಟ್ರಾಸೌಂಡಿನಲ್ಲಿ ಸ್ವಚ್ಛ ಕಂಕುಳು ಇದ್ದವರಲ್ಲಿ ಕಾವಲು ಗ್ರಂಥಿಯನ್ನೂ ತೆಗೆಯದೆ ಬಿಟ್ಟರೆ ನಷ್ಟವಿಲ್ಲ ಎಂದವು. ಇನ್ಸೆಮಾದಲ್ಲಿ ಐದು ವರ್ಷ ರೋಗವಿಲ್ಲದೆ ಉಳಿದವರು ಬಿಟ್ಟವರಲ್ಲಿ ಶೇಕಡಾ 91.9, ತೆಗೆದವರಲ್ಲಿ 91.7. ತೋಳಿನ ಬಾವು 1.8 ಮತ್ತು 5.7. ಇದನ್ನು ನಾಳೆಯೇ ಚಿಕ್ಕೋಡಿಗೆ ತರಬೇಕೆನ್ನುವವರ ಜೊತೆ ನಾನಿಲ್ಲ. ಆ ಪ್ರಯೋಗಗಳ ಮಹಿಳೆಯರು ಬಹುಪಾಲು ಅರವತ್ತರ ಆಸುಪಾಸಿನವರು, ಗಡ್ಡೆ ಎರಡು ಸೆಂಟಿಮೀಟರ್ ಒಳಗಿನದು, ಹಾರ್ಮೋನ್ ಮಾತ್ರೆಗೆ ಬಗ್ಗುವ ಜಾತಿಯದು. ನಮ್ಮಲ್ಲಿ ರೋಗ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ, ಗಡ್ಡೆ ದೊಡ್ಡದಿರುತ್ತದೆ. ಇನ್ನೊಂದು ತೊಡಕು ಔಷಧದ್ದು. ಅಬೆಮಾಸಿಕ್ಲಿಬ್‌ನಂಥ ದುಬಾರಿ ಮಾತ್ರೆ ಯಾರಿಗೆ ಎಂಬುದು ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಲ್ಲಿ ರೋಗವಿದೆಯೇ ಎಂಬ ಲೆಕ್ಕವನ್ನೂ ಕೇಳುತ್ತದೆ. ಎಣಿಸದಿದ್ದರೆ ಲೆಕ್ಕ ಎಲ್ಲಿಂದ ಬರಬೇಕು? ಆ ಮಾತ್ರೆಯ ದುಡ್ಡು ಹೊಂದಿಸಲಾಗದ ಮನೆಯವಳ ಕಂಕುಳನ್ನು ಎಣಿಕೆಗಾಗಿ ಬಗೆಯುವುದೂ ಅಷ್ಟೇ ಅರ್ಥಹೀನ. ಇಂಥಲ್ಲಿ ತೀರ್ಮಾನ ಮಾರ್ಗಸೂಚಿಯ ಪುಟದಿಂದ ಬರುವುದಿಲ್ಲ, ಆಪರೇಷನ್ನಿಗೆ ಮೊದಲು ಅವಳ ಜೊತೆ ಕೂತು ಮಾತಾಡುವುದರಿಂದ ಬರುತ್ತದೆ.

ಸಣ್ಣ ಗಡ್ಡೆ, ಸ್ವಚ್ಛ ಕಂಕುಳು ಇರುವವರ ಸಂಖ್ಯೆ ಈ ತಾಲ್ಲೂಕುಗಳಲ್ಲಿ ಹೆಚ್ಚಿದರೆ ಮೇಲಿನ ಅರ್ಧ ವಾದಗಳೇ ಬೇಡವಾಗುತ್ತವೆ. ಅದಕ್ಕೆ ಮ್ಯಾಮೊಗ್ರಾಂ ಯಂತ್ರಗಳೇ ಬೇಕೆಂದಿಲ್ಲ. ಇಂದ್ರನೀಲ್ ಮಿತ್ರಾ ಮತ್ತು ಸಂಗಡಿಗರು 1998ರಿಂದ ಮುಂಬೈಯ ಕೊಳೆಗೇರಿಗಳಲ್ಲಿ ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದ್ದಷ್ಟೇ. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಬಂತು. ರೋಗ ಮೊದಲಿನ ಹಂತದಲ್ಲೇ ಸಿಕ್ಕಿತು, ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30ರಷ್ಟು ಇಳಿಯಿತು. ಐವತ್ತರ ಒಳಗಿನವರಲ್ಲಿ ಸಾವಿನ ಲೆಕ್ಕ ಬದಲಾಗಲಿಲ್ಲ. ಮೂವತ್ತು ದಾಟಿದ ಹೆಂಗಸರ ಸ್ತನ ಪರೀಕ್ಷೆ ನಮ್ಮ ಆರೋಗ್ಯ ಉಪಕೇಂದ್ರಗಳ ಕೆಲಸದ ಪಟ್ಟಿಯಲ್ಲಿ ಈಗಾಗಲೇ ಇದೆ. ಕಬ್ಬಿನ ಹಂಗಾಮಿನಲ್ಲಿ ಹಗಲು ಮನೆಯಲ್ಲಿ ಯಾರೂ ಸಿಗದ ಊರುಗಳಲ್ಲಿ, ಬೀಡಿ ಸುತ್ತುವವರು ಕಟ್ಟೆ ಬಿಟ್ಟೇಳದ ನಿಪ್ಪಾಣಿಯ ಗಲ್ಲಿಗಳಲ್ಲಿ, ಆ ಪರೀಕ್ಷೆಯನ್ನು ಸಂಜೆ ಏಳರ ಮೇಲೆ, ಹೆಂಗಸರ ಕೈಯಿಂದಲೇ, ಕಂಕುಳನ್ನೂ ಸೇರಿಸಿ ಮಾಡಬೇಕಾಗುತ್ತದೆ.